ಹೆಡ್ ಕೋಚ್ ಪಕ್ಕದಲ್ಲಿ ನಿಂತವರ ಕೆಲಸವೇನು? ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ಸಹಾಯಕ ಕೋಚ್

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಮರಳುತ್ತಿರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದೇ ಕೂಟಕ್ಕೆ ಸಾಫ್ಟ್‌ಬಾಲ್ ಕೂಡ ಮರಳುತ್ತಿದೆ. ಆದರೆ ಆ ಪಂದ್ಯಗಳು ನಡೆಯುವುದು ಲಾಸ್ ಏಂಜಲೀಸ್‌ನಲ್ಲಿ ಅಲ್ಲ, ಅಲ್ಲಿಂದ ಸುಮಾರು ಎರಡು ಸಾವಿರ ಕಿ.ಮೀ. ದೂರದ ಒಕ್ಲಹೋಮ ಸಿಟಿಯ ಡೆವನ್ ಪಾರ್ಕ್‌ನಲ್ಲಿ. ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ಕೊನೆಯ ಹಂತವಾದ ವಿಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್ ದಶಕಗಳಿಂದ ನಡೆಯುತ್ತಿರುವುದು ಅಲ್ಲೇ. ಕ್ರೀಡಾಂಗಣ ಸಿದ್ಧವಾಗಿರುವಾಗ ಹೊಸದಾಗಿ ಕಟ್ಟುವುದೇಕೆ ಎಂಬುದು ಸಂಘಟಕರ ಲೆಕ್ಕ.

ಮಗಳು ಹೈಸ್ಕೂಲ್ ತಂಡದಲ್ಲಿ ಆಡುವ ಅಮೆರಿಕದ ಕನ್ನಡ ಮನೆಗಳಿಗೆ ಈ ಲೋಕದ ಇನ್ನೊಂದು ತುದಿ ಹತ್ತಿರದ್ದು. ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ರಂದು ಕಾಲೇಜಿನಿಂದ ಮೊದಲ ಫೋನ್ ಬರುತ್ತದೆ, ಬರುವುದಿದ್ದರೆ. ಆ ಫೋನ್ ಮಾಡುವವರು ಹೆಚ್ಚಿನ ಸಲ ಟಿವಿಯಲ್ಲಿ ಕಾಣುವ ಹೆಡ್ ಕೋಚ್ ಅಲ್ಲ, ಅವರ ಸಹಾಯಕರು. ಈ ಸಹಾಯಕರು ದಿನವಿಡೀ ಏನು ಮಾಡುತ್ತಾರೆ, ಈ ಕೆಲಸಕ್ಕೆ ಹೇಗೆ ಬರುತ್ತಾರೆ, ಎಷ್ಟು ಕಾಲ ಉಳಿಯುತ್ತಾರೆ ಎಂಬುದನ್ನು ಬುಡದಿಂದ ನೋಡೋಣ.

## ಮೊದಲು ಆಟ

ಸಾಫ್ಟ್‌ಬಾಲ್ ಬೇಸ್‌ಬಾಲ್‌ನ ಒಡಹುಟ್ಟು. ತಲಾ ಒಂಬತ್ತು ಮಂದಿ ಆಡುತ್ತಾರೆ. ಇನಿಂಗ್ಸ್ ಮಾತ್ರ ಏಳು. ಚೆಂಡನ್ನು ಎಸೆಯುವ ಪಿಚರ್ ತೋಳನ್ನು ಗಿರಕಿಯಂತೆ ಪೂರ್ತಿ ಸುತ್ತಿಸಿ, ಸೊಂಟದ ಪಕ್ಕದಿಂದ, ಕೆಳಗಿನಿಂದ ಬಿಡುತ್ತಾಳೆ. ಚೆಂಡಿನ ಸುತ್ತಳತೆ 12 ಇಂಚು. ಹೆಸರಿನಲ್ಲಿ ‘ಸಾಫ್ಟ್’ ಇದೆಯೆಂದು ನಂಬಿ ಬರಿಗೈಯಲ್ಲಿ ಹಿಡಿಯಲು ಹೋಗಬಾರದು. ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 43 ಅಡಿ, ರನ್ ಗಳಿಸಲು ಸುತ್ತಿ ಬರಬೇಕಾದ ಬೇಸ್‌ಗಳಲ್ಲಿ ಒಂದರಿಂದ ಇನ್ನೊಂದಕ್ಕೆ 60 ಅಡಿ.

ಈ 43 ಅಡಿಯಲ್ಲೇ ಎಲ್ಲ ಅಡಗಿದೆ. ಪಿಚರ್ ಮುಂದಕ್ಕೆ ಹಾರಿ ಚೆಂಡು ಬಿಡುವ ಹೊತ್ತಿಗೆ ಉಳಿಯುವ ದೂರ ಸುಮಾರು 37 ಅಡಿ. ಗಂಟೆಗೆ 65 ಮೈಲಿ, ಅಂದರೆ 105 ಕಿ.ಮೀ. ವೇಗದ ಎಸೆತ ಇಷ್ಟು ದೂರವನ್ನು 0.4 ಸೆಕೆಂಡಿನಲ್ಲಿ ದಾಟುತ್ತದೆ. ಕ್ರಿಕೆಟ್‌ನಲ್ಲಿ 140 ಕಿ.ಮೀ. ವೇಗದ ಬೌಲರ್‌ನ ಎದುರು ಬ್ಯಾಟರ್‌ಗೆ ಸಿಗುವುದಕ್ಕಿಂತಲೂ ಇದು ಕಡಿಮೆ ಸಮಯ. ಹಾಗಾಗಿ ಮುಂದಿನ ಎಸೆತ ಯಾವುದಿರಬಹುದು ಎಂಬ ಅಂದಾಜಿಲ್ಲದೆ ಬ್ಯಾಟ್ ಬೀಸುವುದು ಕಷ್ಟ. ಆ ಅಂದಾಜು ಸಿಗದಂತೆ ನೋಡಿಕೊಳ್ಳುವುದು ಒಂದು ಡಗೌಟ್‌ನ ಸಹಾಯಕರ ಕೆಲಸವಾದರೆ, ಅದನ್ನು ಸಂಪಾದಿಸಿ ಕೊಡುವುದು ಇನ್ನೊಂದು ಡಗೌಟ್‌ನವರ ಕೆಲಸ.

## ಒಂದು ತಂಡಕ್ಕೆ ನಾಲ್ಕು ಕೋಚ್

ಅಮೆರಿಕದ ಕಾಲೇಜು ಕ್ರೀಡೆಯ ದೊಡ್ಡ ಆಡಳಿತ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್‌ಗಳಿವೆ. ಮೊದಲನೆಯದರಲ್ಲೇ ಸುಮಾರು 300 ಸಾಫ್ಟ್‌ಬಾಲ್ ತಂಡಗಳಿವೆ. ಮೂರನೇ ಡಿವಿಷನ್‌ನ ಕಾಲೇಜುಗಳು ಕ್ರೀಡೆಗಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲ. ಇವಲ್ಲದೆ ಸಣ್ಣ ಕಾಲೇಜುಗಳ ಎನ್‌ಎಐಎ ಮತ್ತು ಎರಡು ವರ್ಷದ ಜೂನಿಯರ್ ಕಾಲೇಜುಗಳು ಬೇರೆ.

ಮೊದಲ ಡಿವಿಷನ್‌ನಲ್ಲಿ ಬಹುಕಾಲ ಒಬ್ಬ ಹೆಡ್ ಕೋಚ್, ಸಂಬಳದ ಇಬ್ಬರು ಸಹಾಯಕರು ಮತ್ತು ಸಂಬಳವಿಲ್ಲದ ಒಬ್ಬ ‘ವಾಲಂಟಿಯರ್’ ಕೋಚ್ ಇರಬಹುದು ಎಂಬ ನಿಯಮವಿತ್ತು. ಹೆಸರಿಗೆ ಸ್ವಯಂಸೇವೆ, ಆದರೆ ದುಡಿಮೆ ಉಳಿದವರಷ್ಟೇ. ಬಾಡಿಗೆಗೆ ದುಡ್ಡು ಹೊಂದಿಸಲು ಅವರು ಬೇಸಿಗೆ ಶಿಬಿರಗಳನ್ನು ನೆಚ್ಚಿಕೊಳ್ಳುತ್ತಿದ್ದರು. ಇದರ ಮೇಲೆ ಕೋರ್ಟಿನಲ್ಲಿ ವ್ಯಾಜ್ಯಗಳೂ ನಡೆದವು. 2023ರ ಜುಲೈನಿಂದ ಆ ಹುದ್ದೆಯೇ ಹೋಯಿತು, ನಾಲ್ವರಿಗೂ ಸಂಬಳ ಕೊಡಲು ದಾರಿಯಾಯಿತು. ಹಾಗೆಂದು ಎಲ್ಲ ಕಾಲೇಜುಗಳೂ ನಾಲ್ಕನೆಯವರಿಗೆ ಪೂರ್ಣ ಸಂಬಳ ಕೊಡುತ್ತಿವೆ ಎಂದಲ್ಲ. ನಿಯಮ ಅನುಮತಿ ಕೊಡುತ್ತದೆ, ದುಡ್ಡು ಕೊಡುವುದಿಲ್ಲ.

ಕೆಲಸದ ಹಂಚಿಕೆ ಸಾಮಾನ್ಯವಾಗಿ ಹೀಗೆ: ಒಬ್ಬರು ಪಿಚಿಂಗ್, ಒಬ್ಬರು ಬ್ಯಾಟಿಂಗ್, ಇನ್ನೊಬ್ಬರು ಫೀಲ್ಡಿಂಗ್ ಅಥವಾ ಬ್ಯಾಟರ್ ಹಿಂದೆ ಕೂತು ಎಸೆತ ಹಿಡಿಯುವ ಕ್ಯಾಚರ್‌ಗಳ ತರಬೇತಿ. ಇವರಲ್ಲೇ ಒಬ್ಬರ ಹೆಗಲಿಗೆ ಹೊಸ ಆಟಗಾರ್ತಿಯರನ್ನು ತರುವ ರಿಕ್ರೂಟಿಂಗ್ ಹೊಣೆ. ಹಿರಿಯ ಸಹಾಯಕರಿಗೆ ‘ಅಸೋಸಿಯೇಟ್ ಹೆಡ್ ಕೋಚ್’ ಎಂಬ ಬಿರುದು ಸಿಗುತ್ತದೆ. ಕೆಲಸ ಅದೇ, ಸಂಬಳ ಸ್ವಲ್ಪ ಮೇಲೆ, ಹೆಡ್ ಕೋಚ್ ಇಲ್ಲದ ದಿನ ತಂಡ ನಡೆಸುವ ಜವಾಬ್ದಾರಿ.

ಇವು ನೇಮಕಾತಿ ಪತ್ರದಲ್ಲಿ ಬರೆದ ಕೆಲಸಗಳು. ಬರೆಯದ ಕೆಲಸಗಳೂ ಉಂಟು. ಬಸ್ ಮತ್ತು ಹೋಟೆಲ್ ಗೊತ್ತು ಮಾಡುವುದು, 25 ಮಂದಿಗೆ ರಾತ್ರಿಯ ಊಟ ಹೇಳುವುದು, ಯಾರ ಯಾವ ಪರೀಕ್ಷೆ ಪಂದ್ಯದ ದಿನ ಬಿದ್ದಿದೆ ಎಂದು ಪ್ರೊಫೆಸರ್‌ಗಳ ಜೊತೆ ಮಾತಾಡುವುದು, ಮಳೆ ಬಂದರೆ ಟಾರ್ಪಾಲು ಎಳೆಯುವುದು. ಸಣ್ಣ ಕಾಲೇಜಿನಲ್ಲಿ ವ್ಯಾನ್ ಓಡಿಸುವುದೂ ಬಟ್ಟೆ ಒಗೆಸುವುದೂ ಇವರೇ.

## ಯಾವ ಎಸೆತ ಎಂದು ಹೇಳುವವರು

ಪಿಚಿಂಗ್ ಕೋಚ್‌ನ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ವೃತ್ತಿಯ ತೂಕ ತಿಳಿಯುತ್ತದೆ. ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಪ್ರತಿ ಎಸೆತವನ್ನು ಆರಿಸುವುದು ಬಹುತೇಕ ಡಗೌಟ್‌ನಲ್ಲಿ ನಿಂತ ಕೋಚ್. ಪಿಚರ್ ಅಥವಾ ಕ್ಯಾಚರ್ ತಾವಾಗಿಯೇ ಆರಿಸುವ ತಂಡಗಳು ಕಡಿಮೆ.

ಕ್ಯಾಚರ್ ಮತ್ತು ಪಿಚರ್ ಮುಂಗೈಗೆ ಕಟ್ಟಿದ ಪಟ್ಟಿಯೊಳಗೆ ಒಂದು ಸಣ್ಣ ಕಾರ್ಡ್ ಇರುತ್ತದೆ. ಅದರಲ್ಲಿ ಮನೆ ಮನೆಯಾಗಿ ಗೀಚಿದ ಕೋಷ್ಟಕ. ಕೋಚ್ ‘ಮೂರು-ಒಂದು-ನಾಲ್ಕು’ ಎಂದು ಕೂಗುತ್ತಾರೆ ಅಥವಾ ಬೆರಳಲ್ಲಿ ತೋರಿಸುತ್ತಾರೆ. ಕಾರ್ಡಿನ ಆ ಮನೆಯಲ್ಲಿ ‘ಡ್ರಾಪ್, ಹೊರಬದಿ’ ಎಂದಿದ್ದರೆ ಅದೇ ಎಸೆತ. ಒಂದೇ ಎಸೆತವನ್ನು ಹಲವು ಮನೆಗಳಲ್ಲಿ ಬರೆದಿರುತ್ತಾರೆ, ಎದುರಾಳಿ ಕಿವಿಗೊಟ್ಟು ಕೇಳಿದರೂ ಸಂಖ್ಯೆಯಿಂದ ಅರ್ಥ ಹಿಡಿಯಬಾರದೆಂದು. ಅನುಮಾನ ಬಂದರೆ ಇನಿಂಗ್ಸ್ ನಡುವೆ ಕಾರ್ಡನ್ನೇ ಬದಲಿಸುತ್ತಾರೆ. ಈಚಿನ ವರ್ಷಗಳಲ್ಲಿ ಡಗೌಟ್‌ನಿಂದ ಮೈದಾನದ ಕಡೆಗೆ ಮಾತ್ರ ಸಂದೇಶ ಹೋಗುವ ಎಲೆಕ್ಟ್ರಾನಿಕ್ ಸಾಧನಗಳಿಗೂ ಒಪ್ಪಿಗೆ ಸಿಕ್ಕಿದೆ. ಆದರೂ ಕಾರ್ಡ್ ಕೈಬಿಟ್ಟವರು ಕಡಿಮೆ, ಬ್ಯಾಟರಿ ಕೈಕೊಡುವುದುಂಟು.

ಆರಿಸಲು ಇರುವ ಮುಖ್ಯ ಎಸೆತಗಳು ಐದು: ಮೇಲಕ್ಕೆ ಎದ್ದಂತೆ ಕಾಣುವ ರೈಸ್, ಕೊನೆಯಲ್ಲಿ ಕುಸಿಯುವ ಡ್ರಾಪ್, ಅಕ್ಕಪಕ್ಕ ಜಾರುವ ಕರ್ವ್ ಮತ್ತು ಸ್ಕ್ರೂ, ಅದೇ ತೋಳಿನ ವೇಗದಲ್ಲಿ ಬಂದು ನಿಧಾನವಾಗಿ ತಲುಪುವ ಚೇಂಜ್‌ಅಪ್. ಆಯ್ಕೆಯ ಹಿಂದೆ ವಾರದ ತಯಾರಿ ಇರುತ್ತದೆ. ಎದುರಾಳಿಯ ಹಿಂದಿನ ಪಂದ್ಯಗಳ ವಿಡಿಯೋವನ್ನು ಸಿನರ್ಜಿಯಂಥ ಸೇವೆಯಲ್ಲಿ ನೋಡಿ, ಪ್ರತಿ ಬ್ಯಾಟರ್ ಚೆಂಡನ್ನು ಎಲ್ಲಿಗೆ ಹೊಡೆಯುತ್ತಾಳೆ ಎಂಬ ಸ್ಪ್ರೇ ಚಾರ್ಟ್ ಹಾಕುತ್ತಾರೆ. ಮೊದಲ ಎಸೆತಕ್ಕೇ ಬೀಸುವವಳೇ? ಎರಡು ಸ್ಟ್ರೈಕ್ ಆದ ಮೇಲೆ (ಮೂರಾದರೆ ಔಟ್) ಎತ್ತರದ ಚೆಂಡಿಗೆ ಆಸೆಪಡುವವಳೇ? ಎಡಗೈ ಬ್ಯಾಟರ್ ಓಡುತ್ತಲೇ ಚೆಂಡನ್ನು ತಟ್ಟುವ ‘ಸ್ಲ್ಯಾಪರ್’ ಆಗಿದ್ದರೆ ಫೀಲ್ಡರ್‌ಗಳು ಎಷ್ಟು ಮುಂದೆ ನಿಲ್ಲಬೇಕು? ಇವೆಲ್ಲ ಒಂದು ಹಾಳೆಯೊಳಗೆ ಸೇರಬೇಕು, ಏಕೆಂದರೆ ಪಂದ್ಯದ ಹೊತ್ತಿನಲ್ಲಿ ಎರಡನೇ ಹಾಳೆ ತಿರುಗಿಸಲು ಬಿಡುವಿಲ್ಲ.

ಕೆಡುವುದು ಎಲ್ಲಿ? ಹೊಸ ಕೋಚ್‌ಗಳು ಬ್ಯಾಟರ್‌ನ ದೌರ್ಬಲ್ಯಕ್ಕೇ ಗಂಟುಬೀಳುತ್ತಾರೆ. ಎದುರಿನವಳಿಗೆ ಒಳಬದಿಯ ರೈಸ್ ಆಗದು ಎಂದು ಅದನ್ನೇ ಕೇಳುತ್ತಾರೆ. ಆ ದಿನ ತಮ್ಮ ಪಿಚರ್‌ಗೆ ಆ ಎಸೆತ ಕೂತಿಲ್ಲ ಎಂಬುದನ್ನು ವಾರ್ಮ್‌ಅಪ್‌ನಲ್ಲೇ ಗಮನಿಸಿರುವುದಿಲ್ಲ. ಕೂರದ ರೈಸ್ ಎದೆಯೆತ್ತರಕ್ಕೆ ನೇರ ಬಂದು ಬೇಲಿಯಾಚೆ ಹೋಗುತ್ತದೆ. ಅನುಭವಿಗಳು ಮೊದಲು ಪಿಚರ್‌ನ ಆ ದಿನದ ಶಕ್ತಿ ನೋಡಿ, ಆಮೇಲೆ ಚಾರ್ಟ್ ನೋಡುತ್ತಾರೆ. ಆರಿಸಿದ ಎಸೆತ ಸರಿಯಿದ್ದರೂ ಬಿಟ್ಟ ಎಸೆತ ಬೇರೆಯಾಗಬಹುದು. 2025ರ ಫೈನಲ್ ಸರಣಿಯ ಮೊದಲ ಪಂದ್ಯದಲ್ಲಿ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಪಿಚರ್ ನಿಜರೀ ಕೆನೆಡಿ, ಟೆಕ್ಸಸ್ ವಿಶ್ವವಿದ್ಯಾಲಯದ ಬ್ಯಾಟರ್ ರೀಸ್ ಆಟ್‌ವುಡ್‌ಗೆ ಬೇಕೆಂದೇ ವಾಕ್ (ದೂರದ ಎಸೆತಗಳಿಂದ ಸುಮ್ಮನೆ ಮೊದಲ ಬೇಸ್ ಬಿಟ್ಟುಕೊಡುವುದು) ಕೊಡುತ್ತಿದ್ದಾಗ ಒಂದು ಎಸೆತ ಪ್ಲೇಟ್‌ನ ಹತ್ತಿರ ಬಂತು. ಆಟ್‌ವುಡ್ ಕೈಚಾಚಿ ಹೊಡೆದು, ಬೇಸ್‌ಗಳಲ್ಲಿದ್ದ ಇಬ್ಬರನ್ನು ಹೋಮ್ ಪ್ಲೇಟ್ ಸೇರಿಸಿ ಎರಡು ರನ್ ತಂದಳು. ಟೆಕ್ಸಸ್ 2–1ರಿಂದ ಗೆದ್ದಿತು, ಮುಂದೆ ಪ್ರಶಸ್ತಿಯೂ ಅದರದ್ದೇ ಆಯಿತು.

ಇನ್ನೊಂದು ತೊಡಕು ಮೂರನೇ ಸುತ್ತಿನದು. ಏಳು ಇನಿಂಗ್ಸ್‌ನ ಆಟದಲ್ಲಿ ಪ್ರತಿ ಬ್ಯಾಟರ್ ಸುಮಾರು ಮೂರು ಸಲ ಬರುತ್ತಾಳೆ. ಮೂರನೇ ಸಲ ಬರುವಾಗ ಪಿಚರ್‌ನ ಎಸೆತಗಳು ಅವಳ ಕಣ್ಣಿಗೆ ಪಳಗಿರುತ್ತವೆ. ಸಾಫ್ಟ್‌ಬಾಲ್ ನಿಯಮದಂತೆ ಆರಂಭಿಕ ಆಟಗಾರ್ತಿ ಹೊರಹೋದ ಮೇಲೆ ಒಂದು ಸಲ ಮರಳಿ ಬರಬಹುದು. ಹೀಗಾಗಿ ನಡುವೆ ಬೇರೆ ಶೈಲಿಯ ಪಿಚರ್‌ನನ್ನು ಕಳಿಸಿ, ಅಗತ್ಯ ಬಿದ್ದರೆ ಮೊದಲಿನವಳನ್ನು ಮತ್ತೆ ತರುವ ಆಟವೂ ನಡೆಯುತ್ತದೆ. ಯಾರು ಒಮ್ಮೆ ಹೊರಹೋಗಿದ್ದಾರೆ, ಯಾರು ಇನ್ನು ಬರುವಂತಿಲ್ಲ ಎಂದು ಲೈನ್‌ಅಪ್ ಕಾರ್ಡಿನಲ್ಲಿ ಗುರುತು ಹಾಕುತ್ತಾ ಕೂರುವುದೂ ಸಹಾಯಕರೇ. ಒಂದು ಗೆರೆ ತಪ್ಪಿದರೆ ಅಕ್ರಮ ಬದಲಾವಣೆಯೆಂದು ಎದುರಾಳಿ ತಕರಾರು ಎತ್ತುತ್ತಾರೆ.

ಕೆಳಗಿನಿಂದ ಎಸೆದರೆ ಭುಜಕ್ಕೆ ನೋವಿಲ್ಲ ಎಂಬ ಹಳೆಯ ನಂಬಿಕೆಯೊಂದಿದೆ. ಅದು ನಿಜವಲ್ಲ, ತೋಳು ಪೂರ್ತಿ ಸುತ್ತುವಾಗ ಭುಜದ ಮೇಲೂ ಬೈಸೆಪ್ಸ್ ಮೇಲೂ ಬೀಳುವ ಎಳೆತ ಕಡಿಮೆಯೇನಲ್ಲ. ಆದ್ದರಿಂದ ಒಳ್ಳೆಯ ಪಿಚಿಂಗ್ ಕೋಚ್ ಪಂದ್ಯದ ಎಸೆತಗಳ ಜೊತೆಗೆ ವಾರ್ಮ್‌ಅಪ್ ಮತ್ತು ವಾರದ ಅಭ್ಯಾಸದ ಎಸೆತಗಳನ್ನೂ ಎಣಿಸುತ್ತಾರೆ.

## ಹುಡುಕಾಟ: ಬೇಲಿಯ ಪಕ್ಕದ ಕುರ್ಚಿ

ಎಷ್ಟೇ ಚೆನ್ನಾಗಿ ಕಲಿಸಿದರೂ, ಆಟಗಾರ್ತಿಯರನ್ನು ತರಲಾಗದ ಸಹಾಯಕ ಕೋಚ್ ಹೆಚ್ಚು ದಿನ ಉಳಿಯುವುದಿಲ್ಲ. ಇದು ಈ ವೃತ್ತಿಯ ಗಟ್ಟಿ ಸತ್ಯ.

ಬೇಸಿಗೆಯ ಕ್ಲಬ್ ಟೂರ್ನಿಗಳೇ ಇದರ ಸಂತೆ. ಕ್ಯಾಲಿಫೋರ್ನಿಯಾದ ಪಿಜಿಎಫ್ (ಪ್ರೀಮಿಯರ್ ಗರ್ಲ್ಸ್ ಫಾಸ್ಟ್‌ಪಿಚ್) ರಾಷ್ಟ್ರೀಯ ಕೂಟದಂಥಲ್ಲಿ ಒಂದೇ ದಿನ ಹತ್ತಾರು ಮೈದಾನಗಳಲ್ಲಿ ಪಂದ್ಯ. ಸಹಾಯಕರು ಮಡಚುವ ಕುರ್ಚಿ, ರೇಡಾರ್ ಗನ್, ಸ್ಟಾಪ್‌ವಾಚ್ ಹಿಡಿದು ಬೆಳಗ್ಗೆ ಎಂಟರಿಂದ ಬಿಸಿಲಲ್ಲಿ ಕೂರುತ್ತಾರೆ. ಪಿಚರ್‌ನ ವೇಗ ಅಳೆಯುತ್ತಾರೆ. ಕ್ಯಾಚರ್ ಆದರೆ ಚೆಂಡು ಅವಳ ಗ್ಲವ್ ಮುಟ್ಟಿದ ಕ್ಷಣದಿಂದ ಎರಡನೇ ಬೇಸ್ ತಲುಪುವವರೆಗಿನ ‘ಪಾಪ್ ಟೈಮ್’ ನೋಡುತ್ತಾರೆ. 1.8 ಸೆಕೆಂಡಿನ ಆಸುಪಾಸು ಬಂದರೆ ಪುಸ್ತಕದಲ್ಲಿ ನಕ್ಷತ್ರ ಹಾಕುತ್ತಾರೆ.

ಅಂಕಿಯಲ್ಲಿ ಸಿಗದ್ದನ್ನೂ ಬರೆದುಕೊಳ್ಳುತ್ತಾರೆ. ಔಟಾಗಿ ಬಂದವಳು ಹೆಲ್ಮೆಟ್ ಎಸೆದಳೇ? ಮುಂದಿನ ಇನಿಂಗ್ಸ್‌ಗೆ ಓಡಿ ಹೋದಳೇ, ಕಾಲೆಳೆದಳೇ? ನೀರು ತಂದುಕೊಟ್ಟ ಅಮ್ಮನ ಜೊತೆ ಹೇಗೆ ಮಾತಾಡಿದಳು? ನಾಲ್ಕು ವರ್ಷ ಒಟ್ಟಿಗೆ ಬಸ್ಸಿನಲ್ಲಿ ಓಡಾಡಬೇಕಾದವರಿಗೆ ಇದು ಸಣ್ಣ ವಿಷಯವಲ್ಲ.

ಇಲ್ಲಿ ನಿಯಮಗಳು ಬಿಗಿ. 2018ರವರೆಗೆ ಏಳನೇ, ಎಂಟನೇ ತರಗತಿಯ ಹುಡುಗಿಯರೂ ಕಾಲೇಜಿಗೆ ಬಾಯಿಮಾತಿನ ಒಪ್ಪಿಗೆ ಕೊಟ್ಟುಬಿಡುತ್ತಿದ್ದರು. ಆ ವರ್ಷ ಬಂದ ನಿಯಮದಂತೆ, ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಮೊದಲ ಡಿವಿಷನ್‌ನ ಕೋಚ್ ಹುಡುಗಿಯ ಜೊತೆ ನೇಮಕಾತಿಯ ಮಾತಾಡುವಂತಿಲ್ಲ, ಫೋನ್ ಇಲ್ಲ, ಮೆಸೇಜೂ ಇಲ್ಲ. ಕ್ಯಾಂಪಸ್ ಬಿಟ್ಟು ಹುಡುಕಲು ಹೊರಡುವ ಕೋಚ್ ಮೊದಲು ನಿಯಮಗಳ ಪರೀಕ್ಷೆ ಪಾಸಾಗಬೇಕು. ಮೈದಾನದಲ್ಲಿ ಎದುರಾದ ಪೋಷಕರ ಜೊತೆ ‘ನಮಸ್ಕಾರ’ ದಾಟಿ ಮಾತು ಬೆಳೆಸಿದರೂ ಅದು ಉಲ್ಲಂಘನೆಯಾಗಬಹುದು. ಕೋಚ್ ಮುಖ ತಿರುಗಿಸಿ ಹೋದರೆಂದು ಬೇಸರಪಡುವ ಪೋಷಕರು ಇದನ್ನು ತಿಳಿದಿರಬೇಕು.

ಹುಡುಗಿ ಬರೆಯುವ ಇಮೇಲ್‌ಗೆ ಮಾತ್ರ ತಡೆಯಿಲ್ಲ. ಅದರಲ್ಲಿ ಓದು ಮುಗಿಯುವ ವರ್ಷ, ಆಡುವ ಸ್ಥಾನ, ಕ್ಲಬ್, ಜೆರ್ಸಿ ಸಂಖ್ಯೆ, ಅಂಕಗಳು, ಮುಂದಿನ ಟೂರ್ನಿಯ ವೇಳಾಪಟ್ಟಿ, ಎರಡು ಮೂರು ನಿಮಿಷದ ವಿಡಿಯೋ ಇದ್ದರೆ ಸಾಕು. ಓದುವವರು ಸಹಾಯಕ ಕೋಚ್. ಅವರು ಮೊದಲು ಹುಡುಕುವುದು ವರ್ಷ ಮತ್ತು ಸ್ಥಾನ. ಅಪ್ಪನೋ ಅಮ್ಮನೋ ಮಗಳ ಹೆಸರಿನಲ್ಲಿ ಬರೆದ ಇಮೇಲ್ ಎರಡು ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ.

2018ರಲ್ಲೇ ಬಂದ ‘ಟ್ರಾನ್ಸ್‌ಫರ್ ಪೋರ್ಟಲ್’ ಈ ಕೆಲಸವನ್ನು ದುಪ್ಪಟ್ಟು ಮಾಡಿದೆ. ಕಾಲೇಜು ಬದಲಿಸಬಯಸುವ ಆಟಗಾರ್ತಿಯರ ಹೆಸರುಗಳು ಅದರಲ್ಲಿ ಸೇರುತ್ತವೆ. ಕೆನೆಡಿ 2024ರಲ್ಲಿ ಸ್ಟ್ಯಾನ್‌ಫೋರ್ಡ್ ಬಿಟ್ಟು ಟೆಕ್ಸಸ್ ಟೆಕ್‌ಗೆ ಬಂದಾಗ ಹತ್ತು ಲಕ್ಷ ಡಾಲರ್ ಮೀರಿದ ಒಪ್ಪಂದದ ಸುದ್ದಿ ಆಟದ ಲೆಕ್ಕವನ್ನೇ ಬದಲಿಸಿತು. ಮೊದಲು ಡಿವಿಷನ್ ಒಂದರ ತಂಡಕ್ಕೆ 12 ಪೂರ್ಣ ವಿದ್ಯಾರ್ಥಿವೇತನಗಳ ಮಿತಿಯಿತ್ತು. ಅದನ್ನೇ ಅರ್ಧ, ಕಾಲು ಎಂದು ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಹಂಚಬೇಕಿತ್ತು. ಆಟಗಾರರಿಗೆ ಹಣ ಕೊಡುವ ಕುರಿತ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ‘ಹೌಸ್’ ರಾಜಿಯ ನಂತರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ, ತಂಡದಲ್ಲಿ 25 ಮಂದಿ ಎಂಬ ಮಿತಿ ಬಂದಿದೆ.

## ವಾರದ ಲೆಕ್ಕ

ಸೀಸನ್ ಫೆಬ್ರವರಿ ಆರಂಭದಲ್ಲಿ ಶುರು. ಮೊದಲ ವಾರಾಂತ್ಯಗಳು ಟೂರ್ನಿಗಳಿಗೆ, ಮೂರು ದಿನದಲ್ಲಿ ಐದು ಪಂದ್ಯಗಳೂ ಆಗಬಹುದು. ಮಾರ್ಚ್‌ನಿಂದ ತಮ್ಮ ಕಾನ್ಫರೆನ್ಸ್‌ನ, ಅಂದರೆ ತಮ್ಮ ಕಾಲೇಜುಗಳ ಗುಂಪಿನ ತಂಡಗಳ ಜೊತೆ ವಾರಾಂತ್ಯಕ್ಕೆ ಮೂರು, ನಡುವಾರ ಒಂದು. ಒಟ್ಟು 56 ಪಂದ್ಯ ಮೀರುವಂತಿಲ್ಲ. ಮೇ ತಿಂಗಳಲ್ಲಿ 64 ತಂಡಗಳ ರಾಷ್ಟ್ರೀಯ ಕೂಟ. ಅದರಲ್ಲಿ ಎಂಟು ತಂಡಗಳು ಒಕ್ಲಹೋಮ ಸಿಟಿ ಸೇರುತ್ತವೆ.

ಸೀಸನ್‌ನಲ್ಲಿ ಆಟಗಾರ್ತಿಯರಿಗೆ ವಾರಕ್ಕೆ 20 ಗಂಟೆ, ದಿನಕ್ಕೆ ನಾಲ್ಕು ಗಂಟೆಯ ಮಿತಿ. ವಾರಕ್ಕೊಂದು ದಿನ ರಜೆ ಕಡ್ಡಾಯ. ಪಂದ್ಯದ ದಿನ ಎಷ್ಟು ಹೊತ್ತಾದರೂ ಲೆಕ್ಕಕ್ಕೆ ಮೂರೇ ಗಂಟೆ. ಈ ಮಿತಿ ಆಟಗಾರ್ತಿಯರಿಗೆ ಮಾತ್ರ, ಕೋಚ್‌ಗಳಿಗಲ್ಲ. ಅಭ್ಯಾಸ ಎರಡೂವರೆ ಗಂಟೆಯದಾದರೆ, ಅದಕ್ಕೆ ಮೊದಲು ಮೈದಾನಕ್ಕೆ ನೀರು ಹಾಕಿ ಮಣ್ಣು ಸಮ ಮಾಡುವುದು, ಬ್ಯಾಟಿಂಗ್ ಯಂತ್ರ ಹೊಂದಿಸುವುದು, ಆಮೇಲೆ ವಿಡಿಯೋ ಕತ್ತರಿಸುವುದು ಸಹಾಯಕರ ಪಾಲು. ನಡುವೆ ಫಂಗೋ, ಅಂದರೆ ಫೀಲ್ಡಿಂಗ್ ಅಭ್ಯಾಸಕ್ಕೆ ಚೆಂಡು ಹೊಡೆಯುವ ತೆಳುವಾದ ಉದ್ದ ಬ್ಯಾಟ್ ಹಿಡಿದು ನೂರಾರು ಚೆಂಡು ಹೊಡೆಯಬೇಕು. ಬೆನ್ನು, ಮೊಣಕೈ ನೋವು ಈ ವೃತ್ತಿಯವರಿಗೆ ಹೊಸದಲ್ಲ.

ಬ್ಯಾಟಿಂಗ್ ಕೋಚ್‌ಗೆ ಒಂದು ಎಚ್ಚರಿಕೆ ಬೇಕು: ಬ್ಯಾಟ್ ಬೀಸುವ ರೀತಿಯನ್ನು ತಿದ್ದುವ ಕಾಲ ಸೆಪ್ಟೆಂಬರ್‌ನಿಂದ ಡಿಸೆಂಬರ್. ಏಪ್ರಿಲ್‌ನಲ್ಲಿ ರನ್ ಬರುತ್ತಿಲ್ಲವೆಂದು ಕೈ ಎತ್ತರ ಬದಲಿಸಿದರೆ ಹುಡುಗಿ ಪ್ಲೇಟ್‌ನಲ್ಲಿ ನಿಂತು ತನ್ನ ಕೈಯನ್ನೇ ಯೋಚಿಸುತ್ತಾಳೆ, 0.4 ಸೆಕೆಂಡಿನಲ್ಲಿ ಅದಕ್ಕೆ ಜಾಗವಿಲ್ಲ. ಸೀಸನ್ ನಡುವೆ ಬದಲಿಸಬಹುದಾದ್ದು ಯಾವ ಎಸೆತಕ್ಕೆ ಬೀಸಬೇಕು ಎಂಬ ಯೋಜನೆಯನ್ನಷ್ಟೇ.

## ಬರುವ ದಾರಿ, ಏರುವ ದಾರಿ

ಹೆಚ್ಚಿನವರು ಕಾಲೇಜಿನಲ್ಲಿ ಆಡಿ, ಪದವಿ ಮುಗಿಸಿ, ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಬರುತ್ತಾರೆ. ಎರಡು ವರ್ಷ ಸ್ನಾತಕೋತ್ತರ ಓದು, ಶುಲ್ಕದಲ್ಲಿ ರಿಯಾಯಿತಿ, ಕೈಖರ್ಚಿಗೆ ಒಂದಷ್ಟು ದುಡ್ಡು, ಪ್ರತಿಯಾಗಿ ದುಡಿಮೆ. ಸಣ್ಣ ಕಾಲೇಜಿನಲ್ಲಿ ಶುರು ಮಾಡಿದರೆ ಎಲ್ಲ ಕೆಲಸವೂ ಕೈಗೆ ಬರುತ್ತದೆ, ದೊಡ್ಡದರಲ್ಲಿ ಹೆಸರು ಬೇಗ ಹರಡುತ್ತದೆ. ಮೊದಲನೆಯದೇ ಹೆಚ್ಚು ಕಲಿಸುತ್ತದೆ ಎನ್ನಬಹುದು. ಒಕ್ಲಹೋಮ ವಿಶ್ವವಿದ್ಯಾಲಯದ ತಂಡವನ್ನು 2021ರಿಂದ 2024ರವರೆಗೆ ಸತತ ನಾಲ್ಕು ಸಲ ಗೆಲ್ಲಿಸಿದ ಹೆಡ್ ಕೋಚ್ ಪ್ಯಾಟಿ ಗ್ಯಾಸೊ ಅಲ್ಲಿಗೆ ಬರುವ ಮೊದಲು ನಡೆಸುತ್ತಿದ್ದುದು ಲಾಂಗ್ ಬೀಚ್ ಸಿಟಿ ಕಾಲೇಜಿನ ತಂಡ, ಎರಡು ವರ್ಷದ ಕಾಲೇಜು.

ಅಲ್ಲಿಂದ ಮುಂದೆ ಮೂರು ಬಗೆಯ ಬದುಕು ಕಾಣುತ್ತದೆ. ಒಂದು, ಅದೇ ಮನೆಯಲ್ಲಿ ಕಾದು ಏರುವುದು. ಯುಸಿಎಲ್‌ಎಯ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಕೆಲ್ಲಿ ಇನೋಯೆ-ಪೆರೆಜ್ ಅಲ್ಲೇ ಆಡಿ, 13 ಸೀಸನ್ ಸಹಾಯಕರಾಗಿದ್ದು 2007ರಲ್ಲಿ ಹೆಡ್ ಕೋಚ್ ಆದರು. ಅರಿಜೋನಾದಲ್ಲಿ ಮೈಕ್ ಕ್ಯಾಂಡ್ರಿಯಾ 2021ರಲ್ಲಿ ನಿವೃತ್ತರಾದಾಗ ಅವರ ಸಹಾಯಕಿ, ಹಳೆಯ ಆಟಗಾರ್ತಿ ಕೇಟ್ಲಿನ್ ಲೋ ಆ ಜಾಗಕ್ಕೆ ಬಂದರು. ಎರಡು, ಪರಿಣತಿಯನ್ನು ಹೊತ್ತು ಊರು ಬದಲಿಸುವುದು. ಪಿಚಿಂಗ್ ಕೋಚ್ ಜೆನಿಫರ್ ರೋಷಾ ಫ್ಲೋರಿಡಾದಲ್ಲಿ 2014 ಮತ್ತು 2015ರ ಪ್ರಶಸ್ತಿ ನೋಡಿದರು. 2018ರಲ್ಲಿ ತಾವು ಆಡಿದ ಒಕ್ಲಹೋಮಕ್ಕೆ ಮರಳಿ ಇನ್ನೂ ನಾಲ್ಕು ನೋಡಿದರು. ಮೂರು, ಸಹಾಯಕರಾಗಿಯೇ ಉಳಿಯುವುದು. 1996, 2000, 2004ರ ಒಲಿಂಪಿಕ್ ಚಿನ್ನ ಗೆದ್ದ ಲೀಸಾ ಫರ್ನಾಂಡಿಸ್ ಯುಸಿಎಲ್‌ಎ ತಂಡದ ಸಹಾಯಕರ ಸಾಲಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದಾರೆ. ಹೆಡ್ ಕೋಚ್ ಆಗದ್ದನ್ನು ಸೋಲೆಂದು ಇಲ್ಲಿ ಯಾರೂ ಎಣಿಸುವುದಿಲ್ಲ. ಆ ಕುರ್ಚಿ ಬೇರೆಯದೇ ಕೆಲಸ: ದೇಣಿಗೆದಾರರು, ಪತ್ರಕರ್ತರು, ಬಜೆಟ್.

## ಸಂಬಳ, ಕರಾರು, ಕೇಳಬೇಕಾದ ಪ್ರಶ್ನೆ

ದೊಡ್ಡ ಕಾನ್ಫರೆನ್ಸ್‌ಗಳ ಅನುಭವಿ ಸಹಾಯಕರಿಗೆ ವರ್ಷಕ್ಕೆ ಆರಂಕಿಯ ಡಾಲರ್ ಸಂಬಳ ಉಂಟು. ಮೂರನೇ ಡಿವಿಷನ್‌ನಲ್ಲಿ ಅನೇಕರದು ಅರೆಕಾಲಿಕ ಹುದ್ದೆ. ಅದೇ ಕಾಲೇಜಿನಲ್ಲಿ ಬೇರೊಂದು ಕೆಲಸವನ್ನೂ ಜೋಡಿಸಿಕೊಂಡರೆ ಮಾತ್ರ ಸಂಸಾರ ಸಾಗುತ್ತದೆ. ಬೇಸಿಗೆ ಶಿಬಿರದ ಪಾಲು ಹಲವರಿಗೆ ಆಸರೆ.

ಸಂಬಳಕ್ಕಿಂತ ದೊಡ್ಡ ಪ್ರಶ್ನೆ ಭದ್ರತೆಯದು. ಹೆಡ್ ಕೋಚ್‌ಗೆ ಹಲವು ವರ್ಷಗಳ ಕರಾರು ಇರುತ್ತದೆ. ಅವಧಿಗೆ ಮೊದಲೇ ತೆಗೆದರೆ ಪರಿಹಾರವೂ ಸಿಗಬಹುದು. ಸಹಾಯಕರ ಕರಾರು ಹೆಚ್ಚಾಗಿ ವರ್ಷದಿಂದ ವರ್ಷಕ್ಕೆ. ಹೆಡ್ ಕೋಚ್ ಹೋದರೆ, ಬರುವವರು ತಮ್ಮವರನ್ನೇ ಕರೆತರುತ್ತಾರೆ. ಹಳಬರ ಚಾರ್ಟ್ ಎಷ್ಟೇ ಚೆನ್ನಾಗಿದ್ದರೂ ಜೂನ್‌ನಲ್ಲಿ ಮನೆ ಖಾಲಿ ಮಾಡಬೇಕಾಗುತ್ತದೆ.

ನೇಮಕಾತಿಯ ಕಾಲವೂ ಅದೇ, ಸೀಸನ್ ಮುಗಿದ ಜೂನ್–ಜುಲೈ. ಹುದ್ದೆಗಳ ಪಟ್ಟಿ ತರಬೇತುದಾರರ ಸಂಘವಾದ ಎನ್‌ಎಫ್‌ಸಿಎಯಲ್ಲೂ ಎನ್‌ಸಿಎಎಯ ಉದ್ಯೋಗ ತಾಣದಲ್ಲೂ ಬರುತ್ತದೆ. ಆದರೆ ಬಹಳಷ್ಟು ಸಲ ಜಾಹೀರಾತು ಬರುವ ಮೊದಲೇ ಫೋನ್ ಓಡಾಡಿರುತ್ತದೆ. ಎನ್‌ಎಫ್‌ಸಿಎಯ ಡಿಸೆಂಬರ್ ಸಮಾವೇಶಕ್ಕೆ ಹೊಸಬರು ಸ್ವಂತ ಖರ್ಚಿನಲ್ಲಾದರೂ ಹೋಗುವುದು ಈ ಫೋನಿನ ಬಳಗಕ್ಕೆ ಸೇರಲೆಂದೇ.

ಸಂದರ್ಶನದಲ್ಲಿ ಎರಡು ಗಂಟೆಯ ಅಭ್ಯಾಸವನ್ನು ನಿಮಿಷ ನಿಮಿಷಕ್ಕೆ ಯೋಜಿಸಿ ತೋರಿಸಲು ಹೇಳುತ್ತಾರೆ, ಹುಡುಕಾಟದಲ್ಲಿ ಯಾವ ಕ್ಲಬ್‌ಗಳ ಪರಿಚಯವಿದೆ ಎಂದು ಕೇಳುತ್ತಾರೆ. ಅಭ್ಯರ್ಥಿ ತಿರುಗಿ ಕೇಳಬೇಕಾದ್ದೂ ಇದೆ: ಸಂಬಳ ಒಂಬತ್ತು ತಿಂಗಳಿಗೋ ಹನ್ನೆರಡು ತಿಂಗಳಿಗೋ? ಆರೋಗ್ಯ ವಿಮೆ ಯಾವ ದಿನದಿಂದ? ಊರು ಬದಲಿಸುವ ಖರ್ಚು ಯಾರದ್ದು? ಶಿಬಿರದ ಹಣ ಹೇಗೆ ಹಂಚುತ್ತಾರೆ? ವಿದೇಶಿ ವಿದ್ಯಾರ್ಥಿಯಾಗಿದ್ದರೆ, ಓದು ಮುಗಿದ ಮೇಲೆ ಕೆಲಸದ ವೀಸಾಕ್ಕೆ ಕಾಲೇಜು ಅರ್ಜಿ ಹಾಕುತ್ತದೆಯೇ? ಕೊನೆಗೆ, ಹೆಡ್ ಕೋಚ್‌ನ ಕರಾರಿನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ? ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆ ಕರಾರು ಬಹುತೇಕ ಸಾರ್ವಜನಿಕ ದಾಖಲೆ. ಸಂದರ್ಶನಕ್ಕೆ ಹೋಗುವ ಮೊದಲೇ ಓದಿಕೊಳ್ಳಬಹುದು.